ಮುಟ್ಟಬ್ಯಾಡ ಅಂದ ಬಾಯಿ ನನ್ನದೇ



ಇಂದಿನ ಧಮ್ಮ ಚಿಂತನೆ ಬರೆಯುವ ಪಾಳಿ ನನ್ನದು. ಹೋದ ಸಲ ಪ್ರತೀತ್ಯ ಸಮುತ್ಪಾದದ ಬಗ್ಗೆ ಬರೆದಿದ್ದೆ. ‘ತಿಳೀಲಿಲ್ರಿ, ಆದ್ರ ಚಲೋ ಅದ’ ಅಂತ ಒಬ್ಬರು ಉತ್ತರ ಹಾಕಿದ್ದರು. ಅದಕ್ಕೆ ಈ ಸಲ ಪುಸ್ತಕ ಮುಚ್ಚಿಟ್ಟು ನಮ್ಮ ಮನೆಯೊಳಗೆ ನಡೆದದ್ದನ್ನೇ ಬರೆಯುತ್ತೇನೆ. ಸ್ವಲ್ಪ ಉದ್ದ ಆದೀತು, ಪುರುಸೊತ್ತಿದ್ದಾಗ ಓದಿರಿ.

ಸೈದಾಪುರದ ನಮ್ಮ ಮನೆಗೆ ವಂದನೆಗೆ ಬಂದವರೆಲ್ಲ ಹೊರಗಿನ ಕೋಣೆಯ ಗಾಜಿನ ಕಪಾಟು ನೋಡಿದ್ದೀರಿ. ಮೇಲಿನ ಖಾನೆಯಲ್ಲಿ ಬಾಬಾಸಾಹೇಬರ ಪುಸ್ತಕಗಳು, ಕೆಳಗಿನ ಮೂರು ಖಾನೆಗಳಲ್ಲಿ ರೋಬೋ ಆಟಿಕೆಗಳು. ನಲವತ್ತು ದಾಟಿದವನಿಗೆ ಇದೇನು ಹುಚ್ಚು ಅಂತ ಕೆಲವರು ನಕ್ಕದ್ದೂ ನನಗೆ ಗೊತ್ತು. ಇವು ರೂಪ ಬದಲಿಸುವ ರೋಬೋಗಳು. ನೋಡಲು ಲಾರಿ ಇರುತ್ತದೆ. ಅಲ್ಲಿ ತಿರುವಿ, ಇಲ್ಲಿ ಮಡಚಿ, ಒಳಗಿದ್ದದ್ದನ್ನು ಹೊರಗೆಳೆದರೆ ಎರಡು ಕಾಲ ಮೇಲೆ ನಿಲ್ಲುವ ಯಂತ್ರಮಾನವ ಆಗುತ್ತದೆ. ಒಂದು ಬಿಡಿಭಾಗ ಹೊರಗೆ ತೆಗೆಯುವಂತಿಲ್ಲ, ಒಂದು ಹೊಸದಾಗಿ ಸೇರಿಸುವಂತಿಲ್ಲ. ಒಳ್ಳೆಯ ಆಟಿಕೆಯ ಗುರುತೇ ಅದು.

ಈ ಹುಚ್ಚು ನನಗೆ ಹತ್ತಿದ್ದು ಮೈಲಾಪುರದ ಜಾತ್ರೆಯಲ್ಲಿ. ಆಗ ನಮ್ಮ ಮನೆ ಇನ್ನೂ ಧಮ್ಮಕ್ಕೆ ಬಂದಿರಲಿಲ್ಲ, ಸಂಕ್ರಾಂತಿಗೆ ಮಲ್ಲಯ್ಯನ ಗುಡ್ಡಕ್ಕೆ ಹೋಗುತ್ತಿದ್ದೆವು. ಬೆಂಡು ಬತ್ತಾಸದ ಅಂಗಡಿಗಳ ಪಕ್ಕದಲ್ಲಿ ಒಬ್ಬ ತಾಡಪತ್ರಿ ಹಾಸಿ ಪ್ಲಾಸ್ಟಿಕ್ ಸಾಮಾನು ಹರವಿದ್ದ. ಅದರಲ್ಲೊಂದು ಕೈಗಡಿಯಾರ. ಅದರ ಮೈ ಬಿಚ್ಚಿದರೆ ಕೈ ಕಾಲು ತಲೆ ಬಂದು ರೋಬೋ ಆಗಿ ನಿಲ್ಲುತ್ತಿತ್ತು. ನಾನು ಕೈ ಚಾಚಿದೆ. ‘ತಗೋತೀದಿ ಅಂದ್ರ ಮುಟ್ಟು, ಇಲ್ಲಾಂದ್ರ ಮುಟ್ಟಬ್ಯಾಡ’ ಅಂದ ಅಂಗಡಿಯವ. ಅಪ್ಪ ಬೆಲೆ ಕೇಳಿ ಸುಮ್ಮನೆ ನನ್ನ ಹೆಗಲ ಮೇಲೆ ಕೈ ಇಟ್ಟು ಮುಂದೆ ನಡೆಸಿದ. ಅಂಗಡಿಯವನದು ಜಾತಿಯ ಮಾತಲ್ಲ, ರೊಕ್ಕದ ಮಾತು. ಆದರೆ ಚಾಚಿದ ಕೈ ಹಿಂದಕ್ಕೆ ಬರುವಾಗ ಎರಡರಲ್ಲೂ ಒಂದೇ ಥರ ಬರುತ್ತದೆ. ಎರಡನ್ನೂ ಅನುಭವಿಸಿದ್ದೇನೆ, ಅದಕ್ಕೆ ಹೇಳುತ್ತಿದ್ದೇನೆ.

ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಪೀಣ್ಯದಲ್ಲಿ ಫಿಟ್ಟರ್ ಆದೆ. ಈಗ ಆರು ವರ್ಷದಿಂದ ಇಲ್ಲೇ ಕಡೇಚೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ಕೆಲಸ. ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದಾಗ ಒಂದೊಂದೇ ತರಿಸಿದೆ. ಈಗ ಹತ್ತೊಂಬತ್ತು ಇವೆ.

ಅದರಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚಿನದು ‘ವಾಲ್ಕಿರಿ’ ಅನ್ನುವ ಯುದ್ಧವಿಮಾನ. 1982ರಲ್ಲಿ ಜಪಾನಿನ ಟೀವಿಯಲ್ಲಿ ಬಂದ ‘ಮ್ಯಾಕ್ರಾಸ್’ ಅನ್ನುವ ಆನಿಮೆಗಾಗಿ ಶೋಜಿ ಕವಾಮೋರಿ ಅನ್ನುವವರು ಇದನ್ನು ರೂಪಿಸಿದರು. ಕೀಲು ಎಲ್ಲಿ ಬರಬೇಕು, ಯಾವುದು ಎಲ್ಲಿ ಮಡಚಿ ಕೂಡಬೇಕು ಅನ್ನುವುದನ್ನು ಅವರು ಮಕ್ಕಳ ಲೆಗೋ ಇಟ್ಟಿಗೆಗಳನ್ನು ಜೋಡಿಸಿ ನೋಡುತ್ತಾರಂತೆ. ಫಿಟ್ಟರ್ ಆದ ನನಗೆ ಈ ಸಂಗತಿ ಭಾಳ ಸೇರಿತು. ವಾಲ್ಕಿರಿಗೆ ಮೂರು ರೂಪ. ಒಂದರಲ್ಲಿ ಪೂರಾ ವಿಮಾನ. ಇನ್ನೊಂದರಲ್ಲಿ ಪೂರಾ ರೋಬೋ. ವಿಮಾನದ ಎಂಜಿನ್ನುಗಳೇ ಅದರ ಕಾಲು, ಬೆಂಕಿ ಉಗುಳುವ ಬಾಯಿಗಳೇ ಪಾದ. ಎರಡು ಕೈ ಕಾಲುಗಳ ನಡುವೆ ಅಡಗಿರುತ್ತವೆ, ತಲೆ ಹೊಟ್ಟೆಯ ಕೆಳಗಿರುತ್ತದೆ. ಮೂರನೆಯದು ನಡುವಿನ ರೂಪ. ಮೇಲೆ ವಿಮಾನ, ಕೆಳಗೆ ಹಕ್ಕಿಯಂತೆ ಹಿಂದಕ್ಕೆ ಬಾಗಿದ ಕಾಲು, ಪಕ್ಕದಲ್ಲಿ ಕೈ. ಇದನ್ನು ವಿಮಾನ ಅನ್ನಲೂ ಆಗದು, ಮನುಷ್ಯ ಅನ್ನಲೂ ಆಗದು.

ಹೋದ ತಿಂಗಳ ಒಂದು ಭಾನುವಾರ ವಂದನೆ ನಮ್ಮ ಮನೆಯಲ್ಲಿತ್ತು. ತ್ರಿಸರಣ ಪಂಚಶೀಲ ಮುಗಿದು ಚಹಾ ನಡೆದಿತ್ತು. ನನ್ನ ತಂಗಿಯ ಮಗ, ಏಳು ವರ್ಷದವ, ಗಾಜಿಗೆ ಮೂಗು ಹಚ್ಚಿ ನಿಂತಿದ್ದ.

‘ಮಾಮಾ, ಇದು ಖರೇ ಅಂದ್ರ ಏನು? ವಿಮಾನೋ, ಮನಷ್ಯಾನೋ?’

ನನಗೆ ಇಷ್ಟು ಸಾಕಾಯಿತು. ಮಕ್ಕಳನ್ನೆಲ್ಲ ಕೂಡಿಸಿಕೊಂಡು ಮಿಲಿಂದ ರಾಜನ ಕಥೆ ಶುರು ಮಾಡಿದೆ. ಬಳಗದಲ್ಲಿ ಹೊಸಬರೂ ಇದ್ದೀರಿ, ಅವರಿಗಾಗಿ ಇಲ್ಲಿಯೂ ಹೇಳುತ್ತೇನೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಮಿಲಿಂದ ಅನ್ನುವ ಗ್ರೀಕ್ ಮೂಲದ ರಾಜ ಭಿಕ್ಖು ನಾಗಸೇನರ ಬಳಿ ಬಂದು ನಿಮ್ಮ ಹೆಸರೇನು ಅಂತ ಕೇಳುತ್ತಾನೆ. ನಾಗಸೇನ ಅಂತ ಕರೆಯುತ್ತಾರೆ, ಆದರೆ ಅದು ಕರೆಯುವುದಕ್ಕಿರುವ ಹೆಸರಷ್ಟೇ, ಒಳಗೆ ಬೇರೊಬ್ಬ ನಾಗಸೇನ ಕೂತಿಲ್ಲ ಅನ್ನುತ್ತಾರೆ ಭಂತೇಜಿ. ಹಾಗಾದರೆ ಭಿಕ್ಷೆ ತೆಗೆದುಕೊಳ್ಳುವವನು ಯಾರು, ಶೀಲ ಪಾಲಿಸುವವನು ಯಾರು ಅಂತ ರಾಜ ಪಟ್ಟು ಹಿಡಿಯುತ್ತಾನೆ. ಆಗ ಅವರು ತಿರುಗಿ ಕೇಳುತ್ತಾರೆ. ನೀನು ಇಲ್ಲಿಗೆ ಹೇಗೆ ಬಂದೆ? ರಥದಲ್ಲಿ. ಗಾಲಿ ರಥವೋ? ಅಲ್ಲ. ಅಚ್ಚು ರಥವೋ? ಅಲ್ಲ. ನೊಗ? ಅದೂ ಅಲ್ಲ. ಎಲ್ಲ ಸರಿಯಾಗಿ ಕೂಡಿದಾಗ ನಾವು ಅದಕ್ಕೆ ರಥ ಅನ್ನುತ್ತೇವೆ, ಅಷ್ಟೇ. ಇದು ರಾಜನ ಬಾಯಿಂದಲೇ ಬರುತ್ತದೆ.

ಬಾಬಾಸಾಹೇಬರಿಗೆ ಈ ಇಬ್ಬರ ಮೇಲೆ ಎಷ್ಟು ಗೌರವ ಇತ್ತೆಂದರೆ, ಔರಂಗಾಬಾದಿನಲ್ಲಿ 1950ರಲ್ಲಿ ಶುರು ಮಾಡಿದ ಕಾಲೇಜಿಗೆ ಮಿಲಿಂದನ ಹೆಸರು ಕೊಟ್ಟರು, ಅದರ ಆವರಣಕ್ಕೆ ನಾಗಸೇನವನ ಅಂದರು. ಪ್ರಶ್ನೆ ಕೇಳಿದವನಿಗೂ ಉತ್ತರ ಕೊಟ್ಟವನಿಗೂ ಒಂದೇ ಕಡೆ ಜಾಗ. ಆಗ ನಮ್ಮ ಯಾದಗಿರಿ, ಔರಂಗಾಬಾದು ಎರಡೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು.

ಮಕ್ಕಳಿಗೆ ರಥ ತಿಳಿಯಲಿಲ್ಲ. ಶಹಾಪುರದ ಮಲಗಿದ ಬುದ್ಧನ ಗುಡ್ಡ ಹೇಳಿದೆ, ಅದು ತಿಳಿಯಿತು. ರಸ್ತೆಯ ಮೇಲಿಂದ ನೋಡಿದರೆ ತಲೆ, ಎದೆ, ಕಾಲು ಎಲ್ಲ ಸ್ಪಷ್ಟ. ಗುಡ್ಡದ ಬುಡಕ್ಕೆ ಹೋದರೆ ಬರೀ ಬಂಡೆ. ಬುದ್ಧ ಎಲ್ಲಿ ಹೋದ? ‘ಎಲ್ಲೂ ಹೋಗಿಲ್ಲ, ನಾವೇ ಭಾಳ ಹತ್ತಿರ ಹೋದ್ವಿ’ ಅಂದಳು ಒಬ್ಬ ಹುಡುಗಿ. ಅದೇ ಥರ ವಿಮಾನವೂ ಇಲ್ಲ, ರೋಬೋನೂ ಇಲ್ಲ, ಕೂಡಿಕೆ ಅಷ್ಟೇ, ನಂದು ನಿಂದು ಅಂತ ಹಿಡಿಯಲು ಒಳಗೆ ಗಟ್ಟಿ ಏನೂ ಇಲ್ಲ ಅಂತ ನಾನು ಮುಗಿಸಿದೆ. ಹಿರಿಯರೊಬ್ಬರು ‘ಸಾಧು ಸಾಧು’ ಅಂದರು. ನನಗೂ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ಕಾರ್ಖಾನೆಯಿಂದ ಫೋನ್ ಬಂತು. ಹೊರಗೆ ಹೋಗಿ ಹತ್ತು ನಿಮಿಷ ಮಾತಾಡಿ ಒಳಗೆ ಬಂದೆ. ಕಪಾಟಿನ ಬಾಗಿಲು ತೆರೆದಿತ್ತು. ಹುಡುಗನ ಕೈಯಲ್ಲಿ ವಾಲ್ಕಿರಿ.

‘ಏ! ಮುಟ್ಟಬ್ಯಾಡ!’

ಹೇಗೆ ಒದರಿದೆನೆಂದರೆ ಪಡಸಾಲೆಯಲ್ಲಿದ್ದವರ ಮಾತು ನಿಂತಿತು. ಹುಡುಗ ಗಾಬರಿಯಾದರೂ ಆಟಿಕೆ ಕೆಡವಲಿಲ್ಲ, ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದ. ನಾನು ಹೋಗಿ ಕಸಿದುಕೊಂಡೆ. ಟಕ್ ಅಂದಿತು. ಭುಜದ ಕೀಲಿನ ಪಿನ್ನು ಮುರಿದು, ಎಡಗೈ ನನ್ನ ಕೈಗೇ ಬಂತು. ಮುರಿದದ್ದು ಹುಡುಗನ ಕೈಯಲ್ಲಿ ಅಲ್ಲ, ನನ್ನ ಕೈಯಲ್ಲಿ. ಇದನ್ನು ಎಲ್ಲರ ಮುಂದೆ ಬರೆದಿಡಬೇಕಾದ ಕಾರಣ ಇದೆ. ಅವತ್ತು ತಂಗಿ ಬಂದು ‘ಏನ್ ಮುರದೋ?’ ಅಂತ ಮಗನಿಗೆ ಒಂದು ಬಾರಿಸಿದಾಗ ನಾನು ಬಾಯಿ ಬಿಡಲಿಲ್ಲ.

ಅಪ್ಪ ಖುರ್ಚಿಯಲ್ಲಿ ಕೂತಿದ್ದ. ಚಹಾದ ಕಪ್ಪನ್ನು ಕೆಳಗಿಟ್ಟ. ಅಷ್ಟೇ.

ರಾತ್ರಿ ಊಟ ಆದ ಮೇಲೆ ನಾನೇ ಮಾತು ತೆಗೆದೆ. ‘ಹುಡುಗ್ರು ಅಂದ್ಮ್ಯಾಲ ಒಂದ್ ಮಾತ್ ಹೇಳಬೇಕಾಗತದಪ್ಪ’ ಅಂದೆ. ಅಪ್ಪ ಗೋಡೆ ನೋಡುತ್ತ ಹೇಳಿದ: ‘ಹೇಳು, ಬ್ಯಾಡ ಅನ್ನಲ್ಲ. ಆ ಕಪಾಟ ನಾ ದಿನಾ ಒರಸ್ತೀನಿ, ನೋಡೀದ್ಯೇನು? ಗಾಜ್ ಅಷ್ಟೇ ಒರಸ್ತೀನಿ. ನಾಕ್ ವರ್ಷ ಆಯ್ತು, ಬಾಗ್ಲಾ ತಗದಿಲ್ಲ.’

ನಾನು ಅಪ್ಪನಿಗೆ ಮುಟ್ಟಬ್ಯಾಡ ಅಂತ ಎಂದೂ ಹೇಳಿಲ್ಲ. ಹೇಳಬೇಕಾಗಿಯೇ ಇರಲಿಲ್ಲ. ಊರ ಹೋಟೆಲಿನ ಹೊರಗೆ ಗೋಡೆಯ ಗೂಡಿನಲ್ಲಿ ಬೇರೆ ಇಟ್ಟ ಕಪ್ಪು ತಗೊಂಡು, ತಾನೇ ತೊಳೆದು, ಮೇಲಿಂದ ಸುರಿದ ಚಹಾ ಕುಡಿದು ಬೆಳೆದ ಮನುಷ್ಯ. ಯಾವ ಮನೆಯಲ್ಲಿ ಯಾವುದರಿಂದ ದೂರ ನಿಲ್ಲಬೇಕು ಅನ್ನುವುದು ಮೈಗೆ ಗೊತ್ತಿರುತ್ತದೆ. ನನ್ನ ಮನೆಯಲ್ಲೂ ಅಂಥದೊಂದು ಜಾಗ ಅವನಿಗೆ ಸಿಕ್ಕಿತ್ತು. ಅದೂ ಬಾಬಾಸಾಹೇಬರ ಪುಸ್ತಕಗಳ ಕೆಳಗೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಮುರಿದದ್ದನ್ನು ಮುಂದಿಟ್ಟುಕೊಂಡು ಕೂತೆ. ಪಕ್ಕದ ಖಾನೆಯಲ್ಲಿ ಇನ್ನೊಂದು ಜೆಟ್ ವಿಮಾನ ಇದೆ, ಅದರ ಕಥೆ ನೆನಪಾಯಿತು. 1980ರಲ್ಲಿ ಜಪಾನಿನ ತಕಾರಾ ಕಂಪನಿ ‘ಡಯಾಕ್ಲೋನ್’ ಅನ್ನುವ ಆಟಿಕೆಗಳನ್ನು ಶುರು ಮಾಡಿತು. ಮುಂದೆ ಅದರಲ್ಲಿ ಕಾರು, ಲಾರಿ, ಜೆಟ್ ಎಲ್ಲ ರೋಬೋ ಆಗುವಂಥವು ಬಂದವು. ಇವು ಜೀವ ಇರುವ ಪಾತ್ರಗಳಲ್ಲ, ಒಳಗೆ ಹೆಬ್ಬೆರಳಿಗಿಂತ ಸಣ್ಣ ಗೊಂಬೆ ಚಾಲಕ ಕೂತು ನಡೆಸುವ ವಾಹನಗಳು. ಕಾರು, ಜೆಟ್ ಎಲ್ಲ ಒಂದೇ ದಂಡಿನವು. 1984ರಲ್ಲಿ ಅಮೆರಿಕದ ಹ್ಯಾಸ್ಬ್ರೋ ಕಂಪನಿ ಈ ಅಚ್ಚುಗಳನ್ನು ತಗೊಂಡು ‘ಟ್ರಾನ್ಸ್‌ಫಾರ್ಮರ್ಸ್’ ಅಂತ ಮಾರಿತು. ಮಾರುವುದಕ್ಕೆ ಕಥೆ ಬೇಕಲ್ಲ? ಕಾಮಿಕ್ಸ್ ಬರೆಯುವವರನ್ನು ಕೂಡಿಸಿ ಒಂದೊಂದಕ್ಕೂ ಹೆಸರು, ಗುಣ, ಸ್ವಭಾವ ಬರೆಸಿದರು. ಕಾರು ಲಾರಿಗಳೆಲ್ಲ ಒಳ್ಳೆಯ ಆಟೋಬಾಟ್ ಆದವು, ಜೆಟ್ಟುಗಳು ದುಷ್ಟ ಡಿಸೆಪ್ಟಿಕಾನ್ ಆದವು. ಅದೇ ಅಚ್ಚು, ಅದೇ ತಿರುಪು. ಮೊನ್ನೆವರೆಗೆ ಒಂದೇ ಡಬ್ಬಿಯಲ್ಲಿದ್ದ ಎರಡು ಆಟಿಕೆಗಳ ಎದೆಗೆ ಬೇರೆ ಬೇರೆ ಚೀಟಿ ಬಿತ್ತು, ಹುಟ್ಟಾ ವೈರಿಗಳಾದವು. ಮರುವರ್ಷ, 1985ರಲ್ಲಿ, ಇನ್ನೊಂದು ಹೂಡಿದರು. ಎದೆಯ ಮೇಲೆ ಕಪ್ಪು ಚೌಕ ಅಂಟಿಸಿದರು. ಬೆರಳಿನಿಂದ ತಿಕ್ಕಿ ಬಿಸಿ ಮಾಡಿದರೆ ಇದು ಯಾವ ಕುಲದ್ದು ಅನ್ನುವ ಗುರುತು ಮೂಡುತ್ತದೆ. ಆಡುವ ಮಗುವಿಗೆ ಈ ಗುರುತು ಒಳಗಿನಿಂದಲೇ ಬಂದಂತೆ ಕಾಣುತ್ತದೆ. ಆದರೆ ಅದನ್ನು ಕಾರ್ಖಾನೆಯಲ್ಲಿ ಮೊದಲೇ ಅಚ್ಚು ಹಾಕಿ ಅಂಟಿಸಿರುತ್ತಾರೆ.

ನಮ್ಮವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಬಾಬಾಸಾಹೇಬರು ಆತ್ಮದ ನಂಬಿಕೆಯನ್ನು ಅಧಮ್ಮದ ಸಾಲಿನಲ್ಲಿ ಇಟ್ಟದ್ದು ಸುಮ್ಮನೆ ಅಲ್ಲ. ದೇವರ ನಂಬಿಕೆಗಿಂತಲೂ ಇದು ಹೆಚ್ಚು ಅಪಾಯದ್ದು, ಪುರೋಹಿತಶಾಹಿ ಹುಟ್ಟುವುದು ಇದರಿಂದಲೇ ಅನ್ನುತ್ತಾರೆ. ಒಳಗೊಂದು ಆತ್ಮ ಇದೆ, ಅದು ಹಿಂದಿನ ಜನ್ಮದ ಪಾಪ ಹೊತ್ತುಕೊಂಡು ಈ ಕೇರಿಯಲ್ಲಿ ಹುಟ್ಟಿದೆ ಅಂದಾಗಲೇ ಎದೆಯ ಚೀಟಿ ಒಳಗಿನಿಂದ ಮೂಡಿದಂತೆ ಕಾಣುವುದು. ಸತ್ತ ಮೇಲೆ ದೇಹದ ಧಾತುಗಳು ಹೊರಗಿನ ಧಾತುರಾಶಿಯಲ್ಲಿ ಕೂಡುತ್ತವೆ, ಮತ್ತೆ ಹೊಸ ಕೂಡಿಕೆಗೆ ಬರುತ್ತವೆ, ಆದರೆ ಚೀಟಿ ಹೊತ್ತು ತಿರುಗುವ ಆತ್ಮ ಇಲ್ಲ ಅಂತ ಪುನರ್ಜನ್ಮದ ಅಧ್ಯಾಯದಲ್ಲಿ ಅವರು ವಿವರಿಸುತ್ತಾರೆ.

ಇಲ್ಲಿ ಒಂದು ಮಾತು. ಬಳಗದ ತರುಣರೊಬ್ಬರು ಹಿಂದೊಮ್ಮೆ ಕೇಳಿದ್ದರು, ‘ನಾನು’ ಅನ್ನುವುದೇ ಇಲ್ಲ ಅಂದರೆ ಅವಮಾನ ಆದದ್ದು ಯಾರಿಗೆ, ನಾವು ಯಾಕೆ ಸಿಟ್ಟಾಗಬೇಕು ಅಂತ. ಅವತ್ತು ನಾನು ಏನೋ ಪಾಲಿ ಶಬ್ದ ಹೇಳಿ ಜಾರಿಕೊಂಡೆ. ಈಗ ಹೀಗೆ ಅನ್ನಿಸುತ್ತದೆ. ರಥ ಅನ್ನುವುದು ಕೂಡಿಕೆಯೇ ಇರಬಹುದು, ಆದರೆ ಅಚ್ಚು ಮುರಿದರೆ ರಾಜ ಕೆಳಗೆ ಬೀಳುತ್ತಾನೆ. ಒಳಗೆ ಆತ್ಮ ಹುಡುಕಿದರೆ ಸಿಗದು, ಆದರೆ ಆ ಹುಡುಗನ ಕೆನ್ನೆಯ ಮೇಲೆ ಬೆರಳು ಮೂಡಿದ್ದು ನಾನು ಕಣ್ಣಾರೆ ನೋಡಿದ್ದೇನೆ. ಮನುಷ್ಯ ಮನುಷ್ಯನಿಗೆ ಮಾಡುವ ಅನ್ಯಾಯವನ್ನು ದುಃಖದ ಲೆಕ್ಕಕ್ಕೆ ಹಿಡಿಯದೆ, ಬರೀ ಅನಾತ್ಮ ಅನಾತ್ಮ ಅಂದರೆ, ಅದು ನನ್ನಂಥವನಿಗೆ ಚಹಾದ ಹೊತ್ತಿನ ಭಾಷಣ ಆಗುತ್ತದೆ. ಅನಾತ್ಮದ ಪಾಠ ನಾನು ಬೇರೆಯವರಿಗೆ ಮಾಡಿದೆ. ಉಪಾದಾನ, ಅಂದರೆ ಗಟ್ಟಿಯಾಗಿ ಹಿಡಿಯುವುದು, ನನ್ನ ಬೆರಳಿನಲ್ಲಿತ್ತು.

ಮರುದಿನ ಬೆಳಿಗ್ಗೆ ತಂಗಿಗೆ ಫೋನ್ ಮಾಡಿ ಮುರಿದದ್ದು ನಾನು ಅಂತ ಹೇಳಿದೆ. ‘ಮತ್ತ ನಿನ್ನೆ ಯಾಕ್ ಸುಮ್ ಕುಂತೀದಿ ಅಣ್ಣ?’ ಅಂದಳು. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ.

ಮುಸಾವಾದದ ಲೆಕ್ಕ ಇನ್ನೊಂದೂ ಬಾಕಿ ಇತ್ತು. ಹೊರದೇಶದ ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಿದರು. ದೇಶದ ಆಟಿಕೆ ಕಾರ್ಖಾನೆಗಳಿಗೆ ಒಳ್ಳೆಯದೇ ಇರಬಹುದು, ಆದರೆ ನನ್ನ ಮನೆಯಲ್ಲಿ ಅದರಿಂದ ಸುಳ್ಳು ಹೆಚ್ಚಾಯಿತು. ವಾಲ್ಕಿರಿಗೆ ಹತ್ತೊಂಬತ್ತು ಸಾವಿರ ಕೊಟ್ಟು, ಹೆಂಡತಿಗೆ ಮೂರು ಸಾವಿರ ಅಂದಿದ್ದೆ. ಅದನ್ನೂ ಹೇಳಿದೆ. ಆಕೆ ಎರಡು ದಿನ ಮಾತಾಡಲಿಲ್ಲ. ಆ ಭಾಗ ಇಲ್ಲಿಗೇ ಬಿಡೋಣ.

ರಿಪೇರಿಗೆ ಕೂತದ್ದು ಆ ವಾರದ ಬುಧವಾರ. ಪ್ಲಾಸ್ಟಿಕ್ ಪಿನ್ನು ಮುರಿದರೆ ಅಂಟು ಹಾಕಿ ಉಪಯೋಗ ಇಲ್ಲ, ತಿರುಗುವ ಜಾಗದಲ್ಲಿ ಅಂಟು ನಿಲ್ಲದು. ಮುರಿದ ತುದಿ ನಯ ಮಾಡಿ, ಎರಡೂ ಕಡೆ ಸಣ್ಣ ತೂತು ಕೊರೆದು, ಉಕ್ಕಿನ ತಂತಿಯ ತುಂಡು ಕೂಡಿಸಬೇಕು. ನಾನು ತಂತಿಯನ್ನು ತೂತಿಗೆ ಸರೀ ಬಿಗಿಯಾಗುವಂತೆ ಕತ್ತರಿಸಿದ್ದೆ. ಅಪ್ಪ ಎದುರಿಗೆ ಕೂತು ನೋಡುತ್ತಿದ್ದ.

‘ಅಷ್ಟ್ ಬಿಗಿ ಮಾಡಬ್ಯಾಡ. ಸಂದ್ ಬಿಡು.’

ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ಸೇರಿ, ಕೀಮ್ಯಾನ್ ಆಗಿ ನಿವೃತ್ತನಾದವನು. ನಮ್ಮ ಸ್ಟೇಷನ್ನಿನ ಆಚೆ ಈಚೆ ಹಳಿಯ ಮೇಲೆ ಸುತ್ತಿಗೆ, ಪಾನಾ ಹಿಡಿದು ದಿನಾ ನಡೆದು, ಸಡಿಲಾದ ಕೀಲು ಬಡಿಯುವ ಕೆಲಸ. ಅವನ ಕಾಲದಲ್ಲಿ ಹಳಿಗಳನ್ನು ಫಿಶ್‌ಪ್ಲೇಟು ಹಾಕಿ ಕೂಡಿಸುತ್ತಿದ್ದರು. ಎರಡು ಹಳಿಗಳ ನಡುವೆ ಸಣ್ಣ ಸಂದು. ನಮ್ಮ ಕಡೆ ಮೇ ತಿಂಗಳಲ್ಲಿ 43 ಡಿಗ್ರಿ ಬಿಸಿಲಾದಾಗ ಉಕ್ಕು ಹಿಗ್ಗುತ್ತದೆ. ಸಂದು ಇರದಿದ್ದರೆ ಹಳಿ ಹಾವಿನಂತೆ ಬಾಗಿ ಗಾಡಿ ಕೆಳಗಿಳಿಯುತ್ತದೆ. ರೈಲಿನಲ್ಲಿ ಕೂತವರಿಗೆ ಕೇಳುತ್ತಿದ್ದ ಟಕ್‌ಟಕ್ ಸದ್ದು ಆ ಸಂದಿನದೇ. ಈಗ ಉದ್ದುದ್ದ ಬೆಸೆದ ಹಳಿ ಬಂದಿವೆ, ಲೆಕ್ಕ ಬೇರೆ. ನಾನು ತಂತಿಯನ್ನು ಕೂದಲೆಳೆಯಷ್ಟು ಉಜ್ಜಿ ಕೂಡಿಸಿದೆ. ಕೀಲು ತಿರುಗಿತು.

ಕಪಾಟಿನ ಕೆಳಗಿನ ಖಾನೆಯ ಮೂಲೆಯಲ್ಲಿ ಒಂದು ಡಬ್ಬಿ ಇದೆ, ಅದನ್ನೂ ಅವತ್ತೇ ತೆಗೆದೆ. ಎಂಬತ್ತರ ದಶಕದ ಕೊನೆಯ ಹಳೆಯ ರೋಬೋ, ಮೈಯೆಲ್ಲ ಬಂಗಾರದ ಹೊಳಪು. ಯಾರಿಂದಲೋ ಕೊಂಡದ್ದು, ನಾನು ಒಮ್ಮೆಯೂ ರೂಪ ಬದಲಿಸಿರಲಿಲ್ಲ. ಆ ಕಾಲದಲ್ಲಿ ಬಂಗಾರದ ಹೊಳಪಿಗಾಗಿ ಪ್ಲಾಸ್ಟಿಕ್ಕಿನಲ್ಲಿ ಬೆರೆಸುತ್ತಿದ್ದ ಪುಡಿಯಿಂದ ವರ್ಷ ಕಳೆದಂತೆ ಪ್ಲಾಸ್ಟಿಕ್ಕೇ ಬಿಸ್ಕೀಟಿನಂತೆ ಆಗುತ್ತದೆ. ಸಂಗ್ರಹ ಮಾಡುವವರು ಇದಕ್ಕೆ ‘ಗೋಲ್ಡ್ ಪ್ಲಾಸ್ಟಿಕ್ ಸಿಂಡ್ರೋಮ್’ ಅನ್ನುತ್ತಾರೆ. ಆಡಿದರೂ ಅಷ್ಟೇ, ಡಬ್ಬಿಯಲ್ಲೇ ಇಟ್ಟರೂ ಅಷ್ಟೇ. ಎತ್ತಿದ ಕೂಡಲೇ ಒಂದು ಕಾಲು ಮೂರು ತುಂಡಾಗಿ ಉದುರಿತು. ಬಿಳಿಯವು ಹಳದಿ ಆಗುತ್ತವೆ, ಚೀಟಿಗಳ ಅಂಚು ಸುರುಳಿ ಸುತ್ತುತ್ತವೆ, ಇದೆಲ್ಲ ಗೊತ್ತಿದ್ದದ್ದೇ. ಆದರೂ ಯಾರನ್ನೂ ಮುಟ್ಟಗೊಡದೆ ನಾಲ್ಕು ವರ್ಷ ಕಾಯ್ದದ್ದು ಒಳಗೇ ಪುಡಿಯಾಗುತ್ತ ಕೂತಿತ್ತು ಅಂತ ನೋಡಿ ನನಗೆ ನಗು ಬಂತು. ಅಪ್ಪನೂ ನಕ್ಕ.

ಶನಿವಾರ ತಂಗಿಯ ಮಗ ಬಂದ. ಬಾಗಿಲಲ್ಲೇ ನಿಂತ, ಕಪಾಟಿನ ಕಡೆ ನೋಡಲಿಲ್ಲ. ಅದು ನೋಡಿ ಹೊಟ್ಟೆಯಲ್ಲಿ ಸಂಕಟ ಆಯಿತು. ಏಳು ವರ್ಷಕ್ಕೇ ಕಲಿತುಬಿಟ್ಟಿದ್ದ. ನಾನು ಕೆಳಗೆ ಕೂತು, ಮುರಿದದ್ದು ನಾನು, ಏಟು ತಿಂದದ್ದು ನೀನು, ತಪ್ಪಾಯ್ತು ಅಂದೆ. ಅವನು ಏನೂ ಅನ್ನಲಿಲ್ಲ. ವಾಲ್ಕಿರಿ ಅವನ ತೊಡೆಯ ಮೇಲಿಟ್ಟೆ. ಬಲ ಹಾಕಬೇಡ, ಎಲ್ಲಾದರೂ ತಡೆದರೆ ನಿಲ್ಲು, ಹಿಂದಿನ ಯಾವುದೋ ಹೆಜ್ಜೆ ಬಿಟ್ಟೀದಿ ಅಂತ ತಿಳಿ ಅಂದೆ. ಮೊದಲು ರೆಕ್ಕೆ, ಆಮೇಲೆ ಕಾಲು. ಕಾಲು ಇಳಿಸಿದ, ಕೈ ಹೊರಗೆಳೆದ. ನಡುವಿನ ರೂಪ ಬಂತು. ಅಲ್ಲಿಗೇ ನಿಲ್ಲಿಸಿದ.

‘ಪೂರಾ ಮಾಡೋ’ ಅಂದೆ.

‘ಬ್ಯಾಡ ಮಾಮಾ, ಹಿಂಗೇ ಚಂದ ಅದ.’

ಅದನ್ನು ಎತ್ತಿಕೊಂಡು ಹೋಗಿ ಅಪ್ಪನ ಮುಂದೆ ಹಿಡಿದ. ‘ಮುತ್ಯಾ, ಹಿಡಿ.’ ಅಪ್ಪ ನನ್ನ ಕಡೆ ನೋಡಲಿಲ್ಲ. ಧೋತರಕ್ಕೆ ಕೈ ಒರೆಸಿಕೊಂಡು ತಗೊಂಡ. ಕಿವಿಯ ಹತ್ತಿರ ಹಿಡಿದು ಎಡಗೈಯ ಕೀಲು ಒಮ್ಮೆ ತಿರುವಿದ, ಇನ್ನೊಮ್ಮೆ ತಿರುವಿದ.

‘ಬಲಗೈ ಭಾಳ ಬಿಗಿ ಅದ. ಇದನ್ನೂ ಸಂದ್ ಮಾಡು’ ಅಂದ.

ಮುಂದಿನ ಭಾನುವಾರದ ವಂದನೆ ಮತ್ತೆ ನಮ್ಮ ಮನೆಯಲ್ಲೇ, ಸಂಜೆ 5ಕ್ಕೆ. ಕಪಾಟಿನ ಕೀಲಿ ಬಾಗಿಲಿಗೇ ಇರುತ್ತದೆ. ಮಕ್ಕಳನ್ನು ಕರಕೊಂಡು ಬರ್ರಿ. ಸಣ್ಣ ತಿರುಪಿನ ಸ್ಕ್ರೂಡ್ರೈವರ್ ಯಾರ ಬಳಿಯಾದರೂ ಇದ್ದರೆ ತರ್ರಿ, ನನ್ನದರ ತುದಿ ಸವೆದಿದೆ.

ಜೈಭೀಮ್.